ಟವೆಲ್ ಕೆಳಗೆ ಕೊಂಡ ಕ್ಯಾಮೆರಾ

ಮೊದಲು ಅಪಘಾತದ ವಿಷಯ ಹೇಳಿಬಿಡುತ್ತೇನೆ. ಕ್ಯಾಮೆರಾದ ವಿಷಯ ಶುರುವಾಗುವುದು ಅಲ್ಲಿಂದಲೇ. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ಕಾಣದ್ದನ್ನು ಹೇಳುವವರು ಅವತ್ತು ರಸ್ತೆಯ ಮೇಲೆ ಬೇಕಾದಷ್ಟು ಜನ ಇದ್ದರು.

ಸಿಂಧನೂರಿನಿಂದ ಮಸ್ಕಿಗೆ ಬೈಕಿನ ಮೇಲೆ ಬರುತ್ತಿದ್ದೆ. ಭತ್ತದ ಗದ್ದೆಯಿಂದ ಆಗಷ್ಟೇ ಮೇಲೆ ಬಂದ ಟ್ರ್ಯಾಕ್ಟರೊಂದು ಗಾಲಿಯ ಕೆಸರನ್ನು ರಸ್ತೆಯುದ್ದಕ್ಕೂ ಉದುರಿಸಿಕೊಂಡು ಹೋಗಿತ್ತು. ಟ್ರ್ಯಾಕ್ಟರು ನನ್ನನ್ನು ಮುಟ್ಟಲಿಲ್ಲ, ಅದು ಬಹಳ ಮುಂದೆ ಇತ್ತು. ಮುಟ್ಟಿದ್ದು ಅದರ ಕೆಸರು. ಬೈಕು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಬಲಗೈ ನನ್ನ ಮೈಯ ಕೆಳಗೆ ಸಿಕ್ಕಿತು.

ಜನ ಬೇಗ ಸೇರಿದರು. ನಮ್ಮ ಕಡೆಯ ಜನ ಕಷ್ಟಕ್ಕೆ ಆಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಎಲ್ಲರ ಕೈಯಲ್ಲೂ ಫೋನು ಇದ್ದುದರಿಂದ ನನ್ನನ್ನು ಎತ್ತಲು ಯಾರ ಕೈಯೂ ಬಿಡುವಾಗಿರಲಿಲ್ಲ. ನೀಲಿ ಅಂಗಿಯವನೊಬ್ಬ ನನ್ನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಮರ್ಯಾದೆಯಿಂದ ಹೇಳಿದ: "ಅಣ್ಣಾರ, ಮುಖ ಸ್ವಲ್ಪ ಈ ಕಡೆ ಮಾಡ್ರಿ. ಬಿಸಿಲು ಹಿಂದಿನಿಂದ ಬರಾಕತ್ತೈತಿ."

ನಾನು ಮುಖವನ್ನು ಆ ಕಡೆ ಮಾಡಿದೆ. ಯಾಕೆ ಮಾಡಿದೆನೆಂದು ಈಗಲೂ ಯೋಚಿಸುತ್ತೇನೆ. ಅವನು ಕೇಳಿದ ರೀತಿ ಅಷ್ಟು ಚೆನ್ನಾಗಿತ್ತು.

ಆಟೋದವನೊಬ್ಬ ಎತ್ತಿ ಹಾಕಿಕೊಂಡ. ನಾನು ಆಸ್ಪತ್ರೆ ಮುಟ್ಟುವ ಮೊದಲೇ ವಿಡಿಯೊ ನಮ್ಮ ಮನೆ ಮುಟ್ಟಿತ್ತು. ಆಮೇಲೆ ನಾನೂ ಅದನ್ನು ನೋಡಿದೆ. ರಸ್ತೆ ಕಾಣುತ್ತದೆ, ಆಕಾಶ ಕಾಣುತ್ತದೆ, ಯಾರದೋ ಚಪ್ಪಲಿ, ಮತ್ತೆ ಆಕಾಶ. ತೆಗೆದವನ ಕೈ ನಿಂತೇ ಇಲ್ಲ. ಅಷ್ಟು ಕಷ್ಟಪಟ್ಟು ತಿರುಗಿಸಿದ ನನ್ನ ಮುಖ ಎಲ್ಲಿಯೂ ಇಲ್ಲ. ಕೆಳಗೆ ಮಾತ್ರ ಸ್ಪಷ್ಟವಾಗಿ, ಭೀಕರ ಅಪಘಾತ, ಪೇಂಟರ್ ಸ್ಥಳದಲ್ಲೇ ಸಾವು ಎಂದು ಬರೆದಿತ್ತು. ನನ್ನ ಹೆಂಡತಿ ಆಸ್ಪತ್ರೆಗೆ ಬಂದವಳು ನನ್ನನ್ನು ನೋಡಿ ಅಳಲಿಲ್ಲ. ಅದನ್ನು ಆಗಲೇ ಮುಗಿಸಿಕೊಂಡು ಬಂದಿದ್ದಳು.

ಎಲುಬು ಕೂಡಿತು, ಪಟ್ಟಿ ಬಿಚ್ಚಿದರು. ಲಿಂಗಸುಗೂರಿನ ಡಾಕ್ಟರು ಬೆರಳುಗಳನ್ನು ಮಡಚಿ, ಬಿಡಿಸಿ, ಎಲ್ಲಾ ಸರಿ ಇದೆ ಎಂದರು. ಸರಿಯೇ ಇತ್ತು, ಒಂದನ್ನು ಬಿಟ್ಟು. ಸುಮ್ಮನೆ ತೊಡೆಯ ಮೇಲಿಟ್ಟರೆ ಕೈ ಸುಮ್ಮನಿರುತ್ತಿತ್ತು. ಏನನ್ನಾದರೂ ಹಿಡಿದು ಒಂದು ಕಡೆ ನಿಲ್ಲಿಸಬೇಕು ಅಂದ ಕೂಡಲೇ ನಡುಗುತ್ತಿತ್ತು. ಡಾಕ್ಟರಿಗೆ ಹೇಳಿದೆ. ಅದು ನರದ್ದು, ನಿಧಾನಕ್ಕೆ ಹೋಗಬಹುದು, ಹೋಗದೆಯೂ ಇರಬಹುದು ಎಂದರು. ಮುಂದೆ ಏನೇ ಆದರೂ ಅವರ ಮಾತು ಸುಳ್ಳಾಗುವಂತಿರಲಿಲ್ಲ.

ನಾನು ಬೋರ್ಡು ಬರೆಯುವವನು. ಅಂಗಡಿಯ ಬೋರ್ಡು, ಗಾಡಿಯ ನಂಬರು, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಮನೆದೇವರ ಹೆಸರು, ಹೆಸರಿನ ಕೆಳಗೆ ಒಂದು ಜೋಡಿ ಎತ್ತು. ಟ್ರ್ಯಾಕ್ಟರ್ ಕೊಳ್ಳಲು ಎತ್ತು ಮಾರಿದವರೇ ಟ್ರಾಲಿಯ ಮೇಲೆ ಎತ್ತಿನ ಚಿತ್ರ ಬೇಕೆನ್ನುತ್ತಾರೆ. ಯಾಕೆಂದು ನಾನು ಯಾರನ್ನೂ ಕೇಳಿಲ್ಲ. ಬೋರ್ಡು ಬರೆಯುವವನ ಕೈ ನಡುಗುತ್ತದೆ ಎಂಬ ಸುದ್ದಿ ಬೆಳಿಗ್ಗೆ ಮಸ್ಕಿಯಿಂದ ಹೊರಟರೆ ಸಂಜೆಯೊಳಗೆ ಒಂದು ಕಡೆ ಲಿಂಗಸುಗೂರು, ಇನ್ನೊಂದು ಕಡೆ ಸಿಂಧನೂರು ಮುಟ್ಟುತ್ತದೆ. ಅಷ್ಟರಲ್ಲಿ ಕೈಯೇ ಹೋಯಿತಂತೆ ಎಂದಾಗಿರುತ್ತದೆ. ಸ್ಥಳದಲ್ಲೇ ಸತ್ತ ಅನುಭವ ನನಗೆ ಒಮ್ಮೆ ಆಗಿತ್ತು, ಎರಡನೆಯ ಸಲ ಬೇಡವಾಗಿತ್ತು.

ಆದ್ದರಿಂದ ಮನೆಯಲ್ಲಿ ಹೇಳಿದೆ: ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಮುಗಿಯಿತು, ಇನ್ನು ಫೋಟೋ ತೆಗೆಯುವುದನ್ನು ಕಲಿಯುತ್ತೇನೆ, ಕಡಿಮೆಯಲ್ಲಿ ಸಿಗುವ ಒಂದು ಕ್ಯಾಮೆರಾ ನೋಡುತ್ತೇನೆ. ಎಲ್ಲರೂ ನಂಬಿದರು. ಫ್ಲೆಕ್ಸಿನ ಮಾತು ಹೇಗೂ ನಿಜವಾಗಿತ್ತು. ಹೆಂಡತಿಯೂ ನಂಬಿದಳು ಎಂದುಕೊಂಡೆ. ಆ ದಿನಗಳಲ್ಲೇ ನನ್ನ ಚಹಾದ ಲೋಟ ತುಂಬಿ ಬರುವುದು ನಿಂತು, ಅರ್ಧಕ್ಕೆ ಇಳಿಯಿತು. ದುಡಿಯುವವನು ಮನೆಯಲ್ಲಿ ಕುಳಿತರೆ ಹಾಲು ಹಿಡಿತಕ್ಕೆ ಬರುವುದು ಸಹಜವೆಂದು ನಾನೂ ಕೇಳಲಿಲ್ಲ.

ಕ್ಯಾಮೆರಾವೇ ಯಾಕೆಂದರೆ, ಹೊಸದಾಗಿ ಕಲಿಯುವವರು ಎಂಥ ಕ್ಯಾಮೆರಾ ಕೊಳ್ಳಬೇಕು ಎಂಬ ಉದ್ದನೆಯ ಬರಹವೊಂದನ್ನು ಫೋನಿನಲ್ಲಿ ಓದಿದ್ದೆ. ಅದರಲ್ಲಿ ಬಹಳ ವಿಷಯಗಳಿದ್ದವು. ನನಗೆ ನೆನಪುಳಿದದ್ದು ಒಂದೇ. ಕೆಲವು ಲೆನ್ಸುಗಳ ಒಳಗೆ ಒಂದು ವ್ಯವಸ್ಥೆ ಇರುತ್ತದಂತೆ, ಹಿಡಿದ ಕೈ ಅಲುಗಿದರೂ ಚಿತ್ರ ಅಲುಗುವುದಿಲ್ಲವಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾನು ಕ್ಯಾಮೆರಾ ಮಾರುವವನನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಕೈ ನಡುಗಿದರೆ ಇದು ತಡೆಯುತ್ತದೆಯೇ? ನನ್ನ ಮುಂದಿನ ದುಡಿಮೆಯೆಲ್ಲ ಆ ಪ್ರಶ್ನೆಯ ಮೇಲೆ ನಿಂತಿತ್ತು. ಯಾರ ಎದುರಿಗೂ ಕೇಳುವಂತಿರದ ಪ್ರಶ್ನೆಯೂ ಅದೇ ಆಗಿತ್ತು.

ಕೇಳದೇ ಇದ್ದದ್ದಕ್ಕೆಲ್ಲ ಉತ್ತರ ಸಿಕ್ಕಿತು. ಹೋಟೆಲಿನಲ್ಲಿ ಚಹಾ ಕುಡಿಯುವವರೆಲ್ಲ ಕ್ಯಾಮೆರಾದ ಪಂಡಿತರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಬ್ಬರು ಫೋನೇ ಸಾಕು ಎಂದರು. ಇನ್ನೊಬ್ಬರು, ಫೋನು ಹಿಡಿದು ಮದುವೆಗೆ ಹೋದರೆ ಬೀಗರ ಪೈಕಿ ಎಂದುಕೊಂಡು ಊಟಕ್ಕೆ ಕೂರಿಸುತ್ತಾರೆ, ಕೂಲಿ ಕೊಡುವುದಿಲ್ಲ ಎಂದರು. ಲೆನ್ಸು ಎಷ್ಟು ಉದ್ದವೋ ಅಷ್ಟು ಮರ್ಯಾದೆ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಮೊಳದುದ್ದದ ಲೆನ್ಸು ಹೊತ್ತವನು ಬಂದರೆ ಮದುವೆ ಮನೆಯ ಹಿರಿಯರು ತಾವಾಗಿಯೇ ಎದ್ದು ಜಾಗ ಬಿಡುತ್ತಾರಂತೆ. ಒಳಗೆ ಗಾಜು ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಯೂಟ್ಯೂಬಿನಲ್ಲಿ ಒಬ್ಬ ಮಹಾನುಭಾವ ಬಡವರಿಗೆ ಕ್ಯಾಮೆರಾ ಎಂದು ಶುರು ಮಾಡಿ, ಮುಗಿಯುವಷ್ಟರಲ್ಲಿ ಬಡವರು ಯಾರೂ ಉಳಿಯದಂಥ ಕ್ಯಾಮೆರಾ ತೋರಿಸಿದ.

ಲಿಂಗಸುಗೂರಿನಲ್ಲಿ ಹೊಸ ಕ್ಯಾಮೆರಾ ಮಾರುವ ಅಂಗಡಿಗೆ ಹೋದೆ. ಆ ಅಂಗಡಿಯ ಹಳೆಯ ಬೋರ್ಡು ಬರೆದವನು ನಾನೇ. ಮಾಲೀಕ ನನ್ನ ಗುರುತು ಹಿಡಿದ, ಕೂರಿಸಿದ, ನನ್ನ ಅಕ್ಷರವನ್ನು ಹೊಗಳಿದ. ಏನು ಕೈ ಅಂತೀನಿ, ಅಳತೆಗೋಲು ಇಟ್ಟು ಎಳೆದ ಹಾಗೆ ಎಂದು ಕೆಲಸದವರಿಗೆ ಹೇಳಿದ. ಅಷ್ಟಾದ ಮೇಲೆ ನನ್ನ ಪ್ರಶ್ನೆಯನ್ನು ನಾನು ಬಾಯಿಯಿಂದ ಹೊರಗೆ ತರುವುದು ಹೇಗೆ? ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಅವನು ತೋರಿಸಿದ್ದನ್ನೆಲ್ಲ ನೋಡಿದೆ. ನನ್ನಿಂದಾಗುವ ಬೆಲೆಯದು ಅಲ್ಲಿ ಕ್ಯಾಮೆರಾದ ಚೀಲ ಒಂದೇ. ನಮಸ್ಕಾರ ಮಾಡಿ ಬಂದೆ, ಅದನ್ನೂ ಎಡಗೈಯಿಂದ.

ಅಂದರೆ ಉಳಿದದ್ದು ಸೆಕೆಂಡ್ ಹ್ಯಾಂಡು. ಸಿಂಧನೂರಿನಲ್ಲಿ ಮದುವೆ ಫೋಟೋ ತೆಗೆಯುವ ಸಾಬರೊಬ್ಬರು ತಮ್ಮ ಹಳೆಯ ಕ್ಯಾಮೆರಾ ಕೊಡುವವರಿದ್ದಾರೆಂದು ತಿಳಿಯಿತು. ಒಬ್ಬನೇ ಹೋಗಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿಬಿಡಬೇಕು ಎಂದು ಲೆಕ್ಕ ಹಾಕಿದೆ. ಆದರೆ ಹಿಂದಿನ ದಿನವೇ ಗುರುಗುಂಟಾದಿಂದ ನಮ್ಮ ಸೋದರಮಾವ ಬಂದಿಳಿದ.

ಮಾವ ಎತ್ತಿನ ದಲಾಲಿ. ಸಂತೆಯಲ್ಲಿ ಕೊಡುವವರ ಮತ್ತು ಕೊಳ್ಳುವವರ ನಡುವೆ ನಿಂತು ವ್ಯವಹಾರ ಕುದುರಿಸುವುದು ಅವನ ಜೀವಮಾನದ ಕೆಲಸ. ಈಗ ಎತ್ತುಗಳು ಕಡಿಮೆಯಾಗಿವೆ, ಮಾವನ ಉಮೇದು ಆಗಿಲ್ಲ. ನಾನು ಹಳೆಯ ಕ್ಯಾಮೆರಾ ಕೊಳ್ಳಲು ಹೊರಟಿದ್ದೇನೆಂದು ಕೇಳಿದ್ದೇ ತಡ, ಟವೆಲ್ ಹೆಗಲಿಗೆ ಹಾಕಿಕೊಂಡ.

"ಹಳೇದು ಕೊಳ್ಳಾಕ ಒಬ್ಬನ ಹೋಗಬಾರದು ಲೇ. ಎತ್ತಾದ್ರೇನು, ಕ್ಯಾಮೆರಾ ಆದ್ರೇನು? ಮಾರಾಂವ ಮಾರಾಂವನ."

ಬೇಡ ಎನ್ನಲು ನನಗೆ ಒಂದೇ ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ಹೀಗೆ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದೆವು.

ಸ್ಟುಡಿಯೊ ಅಕ್ಕಿ ಗಿರಣಿಯ ಎದುರಿಗಿತ್ತು. ಗಿರಣಿಯ ಮುಂದೆ ಭತ್ತ ತುಂಬಿದ ಟ್ರಾಲಿಗಳು ಸಾಲಾಗಿ ನಿಂತಿದ್ದವು. ಸಾಬರು ನಗುಮುಖದ ಯುವಕ. ಕ್ಯಾಮೆರಾವನ್ನು ಗಾಜಿನ ಮೇಜಿನ ಮೇಲಿಟ್ಟರು, ಅದಕ್ಕೆ ಒಂದು ಉದ್ದನೆಯ ಲೆನ್ಸು ಹಾಕಿದ್ದರು. ನಾನು ಕೈ ಜೇಬಿನಿಂದ ತೆಗೆಯುವ ಮೊದಲೇ ಮಾವ ಮುಂದೆ ಬಂದ.

"ಎಷ್ಟು ಹಲ್ಲಿಂದು ಇದು?"

ಸಾಬರು ನನ್ನ ಮುಖ ನೋಡಿದರು. ಎತ್ತಿನ ವಯಸ್ಸನ್ನು ಹಲ್ಲಿನಿಂದ ಎಣಿಸುತ್ತಾರೆ, ಇದು ಎಷ್ಟು ದುಡಿದಿದೆ ಎಂದು ಕೇಳುತ್ತಿದ್ದಾರೆ ಎಂದು ನಾನು ಬಿಡಿಸಿ ಹೇಳಿದೆ. ಸಾಬರಿಗೆ ಖುಷಿಯಾಯಿತು. ಕ್ಯಾಮೆರಾದೊಳಗಿನ ಶಟರ್ ಇಲ್ಲಿಯವರೆಗೆ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕವನ್ನು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದರು. ಮಾವ ಆ ಅಂಕಿಯನ್ನು ಬಹಳ ಹೊತ್ತು ನೋಡಿದ. ಅವನಿಗೆ ಅದು ಓದಲು ಬಂತೆಂದು ನನಗನ್ನಿಸುವುದಿಲ್ಲ.

"ಬಾಯಿಗೂಡೈತಿ," ಎಂದ. ಹಲ್ಲೆಲ್ಲ ಬಂದು ಮುಗಿದ ಎತ್ತಿಗೆ ಹಾಗೆನ್ನುತ್ತಾರೆ. "ಮುದಿ ಆಗಿಲ್ಲ. ಇನ್ನಾ ದುಡೀತೈತಿ."

ಆಮೇಲೆ ಕ್ಯಾಮೆರಾವನ್ನು ತಿರುವಿ ಹೊಟ್ಟೆಯ ಭಾಗ ನೋಡಿದ. ಅಲ್ಲಿ ಸ್ಟ್ಯಾಂಡಿಗೆ ತಿರುಪಿ ತಿರುಪಿ ಗುಂಡಗೆ ಗೀರು ಬಿದ್ದಿತ್ತು. ಎತ್ತಿನ ಮೈಮೇಲೆ ಕೂದಲು ಸುತ್ತಿದ ಗುರುತಿಗೆ ಸುಳಿ ಎನ್ನುತ್ತಾರೆ, ಕೆಟ್ಟ ಜಾಗದಲ್ಲಿದ್ದರೆ ಯಾರೂ ಕೊಳ್ಳುವುದಿಲ್ಲ. ಮಾವನ ಮುಖ ಗಂಭೀರವಾಯಿತು. ಈ ಸುಳಿ ಯಜಮಾನನಿಗೆ ಆಗಿಬರುವುದಿಲ್ಲ ಎಂದ. ಅದು ಸುಳಿಯಲ್ಲ, ಗೀರು ಎಂದು ಸಾಬರು ಆಣೆ ಮಾಡಿದರು. ಮಾರುವವರೆಲ್ಲ ಹಾಗೇ ಅನ್ನುತ್ತಾರೆ ಎಂದ ಮಾವ, ಇದನ್ನು ನಡೆಸಿ ತೋರಿಸು ಎಂದು ಕೇಳಿದ. ಸಾಬರು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಬಾಗಿಲವರೆಗೆ ನಡೆದುಹೋಗಿ ತಿರುಗಿ ಬಂದರು. ಯಾಕೆ ನಡೆದರೋ ಗೊತ್ತಿಲ್ಲ. ನಾನು ರಸ್ತೆಯ ಮೇಲೆ ಮುಖ ತಿರುಗಿಸಿದ ಹಾಗೆಯೇ ಇರಬೇಕು. ಮಾವ ಅವರ ಕಾಲನ್ನೇ ನೋಡುತ್ತಿದ್ದ.

ನಡುವೆ ಸಾಬರು ಫೋನಿನಲ್ಲಿ ತಮ್ಮನ ಜೊತೆ ದಖನಿ ಉರ್ದುವಿನಲ್ಲಿ ಮಾತಾಡಿದರು. ಅಂಗಡಿಗೆ ಎತ್ತು ಕೊಳ್ಳುವವರು ಬಂದಿದ್ದಾರೆ, ಊಟಕ್ಕೆ ತಡವಾಗುತ್ತದೆ ಎಂದರು.

ಬೆಲೆಯ ಮಾತು ಬಂದಾಗ ಮಾವ ಟವೆಲ್ ತೆಗೆದ. ನಾನು ಇದನ್ನು ನಿರೀಕ್ಷಿಸಬೇಕಿತ್ತು, ನಿರೀಕ್ಷಿಸಿರಲಿಲ್ಲ. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲಿ ತನ್ನ ಕೈ, ಎದುರಿನವನ ಕೈ ಎರಡರ ಮೇಲೂ ಟವೆಲ್ ಹಾಕುತ್ತಾನೆ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಮೊದಲು ಮಾರುವವನ ಕೈ, ಆಮೇಲೆ ಕೊಳ್ಳುವವನ ಕೈ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ, ಗುಟ್ಟು ಟವೆಲ್ ಒಳಗೇ ಉಳಿಯುತ್ತದೆ.

ಸಾಬರಿಗೆ ಬೆರಳಿನ ಲೆಕ್ಕ ಗೊತ್ತಿರಲಿಲ್ಲ. ಆದ್ದರಿಂದ ಮಾವ ಟವೆಲನ್ನು ಪಕ್ಕಕ್ಕಿಟ್ಟು, ಒಂದು ಬೆರಳು ಹಿಡಿದರೆ ಇಷ್ಟು, ಎರಡು ಬೆರಳು ಹಿಡಿದರೆ ಇಷ್ಟು, ಅರ್ಧ ಬೆರಳಿಗೆ ಇಷ್ಟು ಎಂದು ದೊಡ್ಡ ದನಿಯಲ್ಲಿ, ಫೋಟೋ ತೆಗೆಸಿಕೊಳ್ಳಲು ಕುಳಿತ ಗಿರಾಕಿಗಳಿಗೂ ತಿಳಿಯುವ ಹಾಗೆ ಕಲಿಸಿದ. ಸಾಬರು ತಪ್ಪಿದಲ್ಲಿ ಒಬ್ಬ ಗಿರಾಕಿಯೇ ತಿದ್ದಿದ. ಎಲ್ಲರಿಗೂ ಪಾಠ ಬಂದ ಮೇಲೆ, ಗುಟ್ಟು ಹೊರಗೆ ಹೋಗಬಾರದೆಂದು ಮಾವ ಟವೆಲ್ ಮುಚ್ಚಿದ.

ಸಾಬರ ಬೆಲೆ ಒಳಗೆ ಬಂತು. ಈಗ ನನ್ನ ಸರದಿ. ನಾನು ಎಡಗೈ ಚಾಚಿದೆ. ಮಾವ ನನ್ನನ್ನು ಕೆಟ್ಟದಾಗಿ ನೋಡಿದ. ವ್ಯವಹಾರಕ್ಕೆ ಎಡಗೈ ಕೊಡುವವರುಂಟೇ? ಬೇರೆ ದಾರಿ ಇರಲಿಲ್ಲ. ಬಲಗೈಯನ್ನು ಜೇಬಿನಿಂದ ತೆಗೆದು ಟವೆಲ್ ಕೆಳಗೆ ಕೊಟ್ಟೆ. ಎರಡು ಬೆರಳು ಮುಂದೆ ಮಾಡಿ ನಿಲ್ಲಿಸಬೇಕು ಎಂದುಕೊಂಡೆ. ನಿಲ್ಲಿಸಬೇಕು ಅಂದುಕೊಂಡದ್ದೇ ತಪ್ಪಾಯಿತು. ಎರಡು ಬೆರಳೂ, ಅವುಗಳ ಜೊತೆ ಉಳಿದವೂ ಮಾವನ ಅಂಗೈಯಲ್ಲಿ ಬಡಿಯತೊಡಗಿದವು.

"ಒಮ್ಮೆ ಹೇಳು ಲೇ, ಹತ್ತು ಸಲ ಹೇಳಬ್ಯಾಡ," ಎಂದ ಮಾವ. "ನೀ ಹೀಂಗ ಏರಸ್ಕೋತ ಹೋದ್ರ ಅಂಗಡೀನ ಕೊಂಡ್ಕೊಂಡು ಹೋಗಬೇಕಾಕೈತಿ."

ಕುಳಿತವರು ನಕ್ಕರು. ನಾನು ನಗಲಿಲ್ಲ. ಮಾವನೂ ನಗಲಿಲ್ಲ. ಅವನ ಹಿಡಿತ ಸಡಿಲವಾಯಿತು. ಬೆಲೆ ಹುಡುಕುತ್ತಿದ್ದ ಅವನ ಹೆಬ್ಬೆರಳು ನನ್ನ ಮಣಿಕಟ್ಟಿಗೆ ಬಂತು, ಎಲುಬು ಕೂಡಿದ ಜಾಗಕ್ಕೆ ಬಂತು, ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡಲಿಲ್ಲ. ಸಂತೆಯಲ್ಲಿ ದಲಾಲಿಗಳು ನೋಡುವ ಹಾಗೆ ಎದುರಿನ ಗೋಡೆಯನ್ನು ನೋಡುತ್ತಿದ್ದ. ಅಲ್ಲಿ ಯಾರದೋ ಮದುವೆಯ ಫೋಟೋ ಇತ್ತು. ನಂತರ ನನ್ನ ಕೈಯನ್ನು ಇಡಿಯಾಗಿ ತನ್ನ ಕೈಯೊಳಗೆ ತೆಗೆದುಕೊಂಡು ಮುಚ್ಚಿದ. ಆ ಹಿಡಿತಕ್ಕೆ ಅವನು ಆಗಷ್ಟೇ ಕಲಿಸಿದ ಲೆಕ್ಕದಲ್ಲಿ ಯಾವ ಬೆಲೆಯೂ ಇರಲಿಲ್ಲ.

ಬಹಳ ಹೊತ್ತು ಹಾಗೇ ಇದ್ದೆವು. ಹೊರಗಿನಿಂದ ನೋಡುವವರಿಗೆ ಟವೆಲ್ ಕೆಳಗೆ ಘನಘೋರ ವ್ಯವಹಾರ ನಡೆದಂತೆ ಕಂಡಿರಬೇಕು. ಸಾಬರು ಮೊದಲು ಗಡಿಯಾರ ನೋಡಿದರು, ಆಮೇಲೆ ಕ್ಯಾಮೆರಾ ನೋಡಿದರು. ಅವರ ಧೈರ್ಯ ಕುಸಿಯಿತು. ಯಾರೂ ಏನೂ ಕೇಳದಿದ್ದರೂ ಟವೆಲ್ ಒಳಗೆ ತಾವೇ ಕೈ ತೂರಿಸಿ ಮಾವನ ಒಂದು ಬೆರಳನ್ನು ಮಡಚಿದರು. ಬೆಲೆ ಇಳಿಯಿತು.

ಮಾವ ಟವೆಲ್ ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡ. ನನ್ನ ಕೈ ಅಷ್ಟರಲ್ಲಿ ಜೇಬಿನಲ್ಲಿತ್ತು.

"ತಮ್ಮಾ, ಒಂದು ಮಾತು," ಎಂದ ಸಾಬರಿಗೆ. "ಇದನ್ನ ಮನ್ಯಾಗ ನಾನೂ ಹಿಡಿಯಾಂವ. ವಯಸ್ಸಾತು, ನನ್ನ ಕೈ ನಡಗ್ತಾವು. ನಡಗೋ ಕೈಯಾಗ ಇದು ನಿಂದರ್ತೈತೇನು?"

ನನ್ನ ಪ್ರಶ್ನೆ. ನಾನು ಲಿಂಗಸುಗೂರಿಗೆ ಹೊತ್ತುಕೊಂಡು ಹೋಗಿ ಹಾಗೇ ಹೊತ್ತುಕೊಂಡು ಬಂದದ್ದು. ಅದನ್ನು ಅವನು ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಷ್ಟು ಸಲೀಸಾಗಿ ಕೇಳಿದ.

"ಮೊದ್ಲ ಹೇಳಬಾರದೇನ್ರಿ ಕಾಕಾ," ಎಂದರು ಸಾಬರು. ಉದ್ದನೆಯ ಲೆನ್ಸನ್ನು ಬಿಚ್ಚಿದರು. ಅದು ಕೈಯ ನಡುಕವನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂದರು. ಕಪಾಟಿನಿಂದ ಗಿಡ್ಡನೆಯ, ನೋಡಿದರೆ ಯಾವ ಹಿರಿಯರೂ ಎದ್ದು ಜಾಗ ಬಿಡಲಾರದಂಥ ಒಂದು ಲೆನ್ಸು ತಂದರು. ಅದರ ಮಗ್ಗುಲಲ್ಲಿ ಒಂದು ಸಣ್ಣ ಗುಂಡಿ ಇತ್ತು. "ಇದನ್ನ ಮ್ಯಾಲ ಮಾಡ್ರಿ. ಕೈ ನಡಗಿದ್ರೂ ಫೋಟೋ ನಡಗಂಗಿಲ್ಲ. ಪೂರಾ ಅಲ್ಲ, ಸುಳ್ಳು ಹೇಳಂಗಿಲ್ಲ. ಓಡೋರನ್ನ ಇದು ನಿಂದ್ರಸಂಗಿಲ್ಲ. ಕೈ ಮಾತ್ರ ಹಿಡೀತೈತಿ."

ಲೆನ್ಸು ಗಿಡ್ಡವಾದುದರಿಂದ ಬೆಲೆಯೂ ಗಿಡ್ಡವಾಗಬೇಕೆಂದು ಮಾವ ಮತ್ತೆ ಟವೆಲ್ ತೆಗೆದ. ಈ ಸಲ ಅವನು ನನ್ನ ಕೈಯನ್ನು ಕೇಳಲಿಲ್ಲ. ಎಷ್ಟಕ್ಕೆ ಮುಗಿಯಿತೆಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಮಾವ ಓದುವುದಿಲ್ಲ, ಆದರೆ ಓದಿ ಹೇಳುವವರಿದ್ದಾರೆ.

ದುಡ್ಡು ಕೊಡುವ ಮೊದಲು ನೊಗಕ್ಕೆ ಹೂಡಿ ನೋಡಬೇಕು ಎಂದ ಮಾವ. ನಡುಗುವವನು ತಾನೆಂದು ಹೇಳಿದ್ದರಿಂದ ಮೊದಲು ತಾನೇ ಹಿಡಿದ. ಹೋರಿಯ ಮೂಗುದಾರ ಹಿಡಿದು ನಿಲ್ಲಿಸುವ ಆ ಕೈ ಕಲ್ಲಿನ ಹಾಗೆ ನಿಂತಿತು. ತಾನು ಹೇಳಿದ್ದು ನೆನಪಾಗಿ ಒಮ್ಮೆಗೇ ನಡುಗಿಸತೊಡಗಿದ. ಭುಜ ನಡುಗಿಸಿದ, ಗದ್ದ ನಡುಗಿಸಿದ, ಮೊಣಕಾಲನ್ನೂ ಬಿಡಲಿಲ್ಲ. ಸಾಬರು ಗಾಬರಿಯಾಗಿ ಕುರ್ಚಿ ತಂದರು. ಒಬ್ಬ ಗಿರಾಕಿ ನೀರು ಕೊಟ್ಟ. ಮೂಡಿದ ಚಿತ್ರದಲ್ಲಿ ಸಾಬರ ಚಪ್ಪಲಿ ಮಾತ್ರ ಇತ್ತು, ಆದರೆ ಚಪ್ಪಲಿ ಅಲುಗಿರಲಿಲ್ಲ.

ಆಮೇಲೆ ಕ್ಯಾಮೆರಾ ನನ್ನ ಕೈಗೆ ಬಂತು. ಮಾವ ಸಾಬರನ್ನು ಮಾತಿಗೆಳೆದು ಒಳಗೆ ನಿಲ್ಲಿಸಿಕೊಂಡ. ನಾನು ಬಾಗಿಲಿಗೆ ಬಂದು ಗಿರಣಿಯ ಮುಂದಿನ ಸಾಲಿಗೆ ಕ್ಯಾಮೆರಾ ಎತ್ತಿದೆ. ಅಲ್ಲಿ ನಿಂತ ಟ್ರಾಲಿಗಳಲ್ಲಿ ಒಂದರ ಹಿಂಬದಿ ನಾನೇ ಬರೆದದ್ದು. ಅದನ್ನು ಬಂದಾಗಲೇ ನೋಡಿದ್ದೆ, ನೋಡದ ಹಾಗೆ ಒಳಗೆ ಹೋಗಿದ್ದೆ. ಕ್ಯಾಮೆರಾದ ಕಿಂಡಿಯೊಳಗೆ ಅಕ್ಷರಗಳು ಕುಣಿಯುತ್ತಿದ್ದವು, ಬರೆದ ದಿನ ಅವು ಹಾಗೆ ಇರಲಿಲ್ಲ. ಲೆನ್ಸಿನ ಗುಂಡಿಯನ್ನು ಮೇಲೆ ಮಾಡಿ, ಸಾಬರು ತೋರಿಸಿಕೊಟ್ಟಂತೆ ಫೋಟೋ ತೆಗೆಯುವ ಗುಂಡಿಯನ್ನು ಅರ್ಧ ಒತ್ತಿದೆ. ಲೆನ್ಸಿನೊಳಗೆ ಏನೋ ಸಣ್ಣಗೆ ಗುಂಯ್‌ಗುಟ್ಟಿತು. ಕೈ ನಡುಗುತ್ತಲೇ ಇತ್ತು, ಅದು ನನಗೆ ಗೊತ್ತಾಗುತ್ತಿತ್ತು. ಅಕ್ಷರ ಮಾತ್ರ ತೇಲಿ ಬಂದು ನಿಂತಿತು. ಮೊದಲು ಒತ್ತಕ್ಷರ, ಆಮೇಲೆ ತಲೆಕಟ್ಟು, ಆಮೇಲೆ ಇಡೀ ಸಾಲು. ಪೂರ್ತಿ ಒತ್ತಿದೆ.

ಒಳಗೆ ಬಂದು ಮಾವನಿಗೆ ತೋರಿಸಿದೆ. ಅವನು ಅಕ್ಷರ ನೋಡಲಿಲ್ಲ, ಕೆಳಗಿನ ಎತ್ತು ನೋಡಿದ.

"ಯಾರ್ ಬರದಾರ ಇವನ್ನ?"

"ನಾನ, ಮಾವ."

"ಕೋಡು ಹಳ್ಳಿಕಾರ ತಳಿದು, ಮೈ ಕಿಲಾರಿ ತಳಿದು. ಇಂಥ ಎತ್ತು ಯಾವ ಸಂತ್ಯಾಗೂ ಹುಟ್ಟಿಲ್ಲ." ಚಿತ್ರವನ್ನು ಇನ್ನೂ ಹತ್ತಿರ ಹಿಡಿದ. "ಆದ್ರ ಗಟ್ಟಿ ನಿಂತಾವು."

ಸಂಜೆ ಮಸ್ಕಿಗೆ ಬಂದೆವು. ಹೆಂಡತಿ ಎಷ್ಟಕ್ಕೆ ಬಂತು ಎಂದು ಕೇಳಿದಳು. ಟವೆಲ್ ಒಳಗಿನದನ್ನು ಹೊರಗೆ ಹೇಳಬಾರದು ಎಂದು ಮಾವ ಬಾಯಿ ಮುಚ್ಚಿಸಿದ. ಅವಳು ಚಹಾ ತಂದಳು. ಮಾವನ ಲೋಟ ತುಂಬಿತ್ತು, ನನ್ನದು ಎಂದಿನಂತೆ ಅರ್ಧ. ಮಾವ ಎರಡೂ ಲೋಟಗಳನ್ನು ನೋಡಿದ. ನಾನೂ ಅವತ್ತು ಮೊದಲ ಸಲ ಎರಡನ್ನೂ ಒಟ್ಟಿಗೆ ನೋಡಿದೆ. ಹಾಲಿನ ಹಿಡಿತವಾಗಿದ್ದರೆ ಬಂದ ನೆಂಟನಿಗೆ ಒಂದು ಅಳತೆ, ನನಗೊಂದು ಎಂದು ಇರಬಹುದು. ಆದರೆ ಅವಳು ಲೋಟವನ್ನು ನನ್ನ ಕೈಗೆ ಕೊಡದೆ, ನೆಲದ ಮೇಲೆ, ನನ್ನ ಎಡಕ್ಕೆ ಇಟ್ಟಿದ್ದಳು.

"ನನಗೂ ಅರ್ಧಾನ ಹಾಕವ್ವಾ," ಎಂದ ಮಾವ. "ಈಗೀಗ ಕೈ ಭಾಳ ನಡಗಾಕತ್ತಾವು."

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅವನ ಲೋಟದ ಅರ್ಧವನ್ನು ತಿರುಗಿ ಪಾತ್ರೆಗೆ ಸುರಿದು ಕೊಟ್ಟಳು. ಮಾವ ಲೋಟ ಎತ್ತಿದ. ಊರಿನಲ್ಲಿ ಮಾಡುವ ಹಾಗೆ ಬಸಿ ತಟ್ಟೆಯನ್ನು ಕೆಳಗೆ ಹಿಡಿದು, ಲೋಟವನ್ನು ಮೇಲಕ್ಕೆ ಒಯ್ದು, ದಾರದ ಹಾಗೆ ಚಹಾ ಬಿಟ್ಟ. ಒಂದು ಹನಿ ಆಚೆ ಬೀಳಲಿಲ್ಲ. ಊದಿ ಊದಿ ಪೂರ್ತಿ ಕುಡಿದ. ಕುಡಿದು ಮುಗಿಸಿ ಬಸಿ ಇಳಿಸುವಾಗ ಅವನಿಗೆ ನೆನಪಾಯಿತು. ಬಸಿಯನ್ನು ಗಲಗಲ ನಡುಗಿಸತೊಡಗಿದ.

"ಇರ್ಲಿ ಬಿಡ್ರಿ ಮಾವಾರ," ಎಂದಳು ನನ್ನ ಹೆಂಡತಿ. "ಬಸಿ ಖಾಲಿ ಐತಿ."